ಕುದಿಯದ ಪಾತ್ರೆ

ನಿಧಾನಕ್ಕ ಓಡಿದ್ದನ್ನು ಆ ಬೀದಿಯಲ್ಲಿ ಯಾರೂ ಕಂಡಿರಲಿಲ್ಲ. ಬಸ್ಸು ಕಣ್ಣೆದುರೇ ಹೊರಟರೂ ಅವಳು ಹೆಜ್ಜೆ ಬದಲಿಸುವವಳಲ್ಲ. "ಹಿಂದೆ ಇನ್ನೊಂದು ಬರುತ್ತೆ ಬಿಡು" ಎಂದು ನೆರಳು ಹುಡುಕಿ ನಿಲ್ಲುತ್ತಿದ್ದಳು. ಯಾರಾದರೂ ಏನಾದರೂ ಕೇಳಿದರೆ ಮೊದಲು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಆಮೇಲೆ ಉತ್ತರ. ಅಷ್ಟರಲ್ಲಿ ಕೇಳಿದವರಿಗೆ ಪ್ರಶ್ನೆಯೇ ಮರೆತಿರುತ್ತಿತ್ತು.

ಪರದೆ ಹೊಲಿಯುವ ಒಂದು ಸಣ್ಣ ಕಾರ್ಖಾನೆಯಲ್ಲಿ ಅವಳಿಗೆ ಕೆಲಸ. ಮಷೀನಿನವರು ಉದ್ದುದ್ದ ಹೊಲಿಗೆ ಹಾಕಿ ಎಸೆದ ಬಟ್ಟೆಯ ಕೆಳ ಅಂಚನ್ನು ಮಡಿಸಿ, ಕೈಯಲ್ಲಿ ಹೊಲಿಯಬೇಕು. ಅವರು ನಾಲ್ಕು ಪರದೆ ಮುಗಿಸುವಷ್ಟರಲ್ಲಿ ಇವಳದು ಒಂದು. ಆದರೆ ಆ ಹೊಲಿಗೆ ಕಾಣಬೇಕಾದರೆ ಬಟ್ಟೆಯನ್ನು ಬೆಳಕಿಗೆ ಹಿಡಿಯಬೇಕು. "ಪರದೆ ಹರಿದು ಚಿಂದಿಯಾದರೂ ಇವಳು ಹಾಕಿದ ಅಂಚು ಮಾತ್ರ ಬಿಚ್ಚಲ್ಲ" ಎಂದು ಯಜಮಾನಿ ಬಂದ ಗಿರಾಕಿಗಳಿಗೆಲ್ಲ ಹೇಳುತ್ತಿದ್ದಳು. ಹೇಳಿ, ತಿರುಗಿ, "ಸ್ವಲ್ಪ ಬೇಗ ಕೈ ಆಡಿಸೇ ತಾಯಿ" ಎನ್ನುತ್ತಿದ್ದಳು.

ಅವಳು ಮದುವೆಯಾಗಿ ಬಂದ ಮನೆಯಲ್ಲಿ ಇದ್ದವರು ಇಬ್ಬರೇ: ಮಾಂಸದಂಗಡಿ ನಡೆಸುವ ಗಂಡ, ಇನ್ನೂ ಶಾಲೆಗೆ ಹೋಗುತ್ತಿದ್ದ ಮೈದುನ. ತಾಯಿಯಿಲ್ಲದ ಹುಡುಗ, ಸದಾ ನೆಗಡಿ. ಅವನ ಮೂಗು ಒರೆಸಿ ಒರೆಸಿ ಅವಳ ಕರವಸ್ತ್ರಗಳೆಲ್ಲ ಸವೆದವು. ಮುಂದೆ ಆ ಮೂಗೇ ಅಂಗಡಿ ನಡೆಸಿತು. ಗಂಡ ತೀರಿಕೊಂಡ ಮೇಲೆ ಮೈದುನ ಮಾಂಸ ಕಡಿಯುವ ಮರದ ಕೊರಡಿನ ಹಿಂದೆ ನಿಂತ, ಮದುವೆಯಾದ, ಬೇರೆ ಮನೆ ಮಾಡಿದ. ಅಂಗಡಿಯಲ್ಲಿ ಅವನದೊಂದು ಪದ್ಧತಿ. ಕತ್ತರಿಸಿದ ಪ್ರತಿ ತುಂಡನ್ನೂ ಕಾಗದದಲ್ಲಿ ಸುತ್ತುವ ಮೊದಲು ಮೂಗಿನ ಹತ್ತಿರ ತಂದು, ಕಣ್ಣು ಮುಚ್ಚಿ, ಒಂದು ಉಸಿರು ಎಳೆಯುತ್ತಿದ್ದ. ಸಂದೇಹ ಬಂದರೆ ಮಾತಿಲ್ಲದೆ ಪಕ್ಕಕ್ಕೆ. ಸಾಲಿನಲ್ಲಿ ನಿಂತವರಿಗೆ ಅದೊಂದು ತಮಾಷೆ.

"ನೋಡ್ರಪ್ಪಾ, ಮತ್ತೆ ಮುತ್ತು ಕೊಟ್ಟ!"

"ಮನೆ ಬಿಟ್ಟು ಹೋಗೋ ಮಗಳಿಗೆ ಮುತ್ತು ಕೊಡದೇ ಕಳಿಸೋಕಾಗುತ್ತೇನಣ್ಣ?" ಎಂದು ಅವನೂ ನಗುತ್ತಿದ್ದ.

ನಿಧಾನಕ್ಕನಿಗೆ ಅರವತ್ತು ತುಂಬಿದ ದಿನ ಕಾರ್ಖಾನೆಯವರೆಲ್ಲ ಸೇರಿ ಒಂದು ಡಬ್ಬ ತಂದಿಟ್ಟರು. ಒಳಗೆ ದಪ್ಪ ಹೊಟ್ಟೆಯ ಪಿಂಗಾಣಿ ಪಾತ್ರೆ, ಗಾಜಿನ ಮುಚ್ಚಳ, ಹಿಂದೆ ಒಂದು ವೈರು.

"ಏನ್ರೇ ಇದು, ಮಡಕೆಗೆ ಬಾಲ?"

"ಸ್ಲೋ ಕುಕ್ಕರ್ ಅಕ್ಕಾ. ಬೆಳಿಗ್ಗೆ ಹಾಕಿದ್ರೆ ಸಾಯಂಕಾಲಕ್ಕೆ ಬೇಯುತ್ತೆ. ಥೇಟ್ ನಿಮ್ಮ ಥರ," ಎಂದಳು ರಿಂಗಮ್ಮ. ಪರದೆಗಳ ತಲೆಗೆ ರಿಂಗು ಕೂರಿಸುವವಳು ಅವಳು. ಕಡ್ಡಿಯಂಥ ಮೈ, ಗಂಟೆಯಂಥ ಬಾಯಿ.

ಬಟ್ಟೆ ಕತ್ತರಿಸುವ ಮೇಸ್ತ್ರಿ ಕತ್ತರಿ ಕೆಳಗಿಟ್ಟ. "ಇಬ್ಬರನ್ನೂ ಅಕ್ಕಪಕ್ಕ ಕೂರಿಸಿ. ಯಾರು ಮೊದಲು ಮುಗಿಸ್ತಾರೆ ನೋಡೋಣ."

ನಿಧಾನಕ್ಕ ಕನ್ನಡಕ ಒರೆಸಿದಳು. ಹಾಕಿಕೊಂಡಳು. "ನಿಧಾನವೇ ಪ್ರಧಾನ ಅಂತ ದೊಡ್ಡೋರು ಸುಮ್ನೆ ಹೇಳಿಲ್ಲ. ಬರೋ ವಾರ ಇದ್ರಲ್ಲೇ ನಿಮಗೆಲ್ಲ ಊಟ. ದನದ ಮಾಂಸದ ಸ್ಟ್ಯೂ. ಬೆರಳು ಚೀಪಬೇಕು, ಹಾಗೆ ಮಾಡ್ತೀನಿ."

ಮೈದುನ ಅವಳಿಗೆಂದು ಹಿಂಗಾಲಿನ ಮಾಂಸ ತೆಗೆದಿಟ್ಟಿದ್ದ. "ಎಲುಬಿನ ಸಮೇತ ಕೊಡ್ತೀನಿ ಅತ್ತಿಗೆ. ಬೇಗ ಬೇಯಲ್ಲ. ಆದ್ರೆ ಬೆಂತು ಅಂದ್ರೆ ಬೆಣ್ಣೆ." ಒಂದೊಂದೇ ತುಂಡನ್ನು ಮೂಗಿಗೆ ತಂದ, ಉಸಿರೆಳೆದ, ಸುತ್ತಿದ. ಕೊನೆಯ ತುಂಡನ್ನು ಅವಳ ಮೂಗಿನ ಹತ್ತಿರವೂ ಹಿಡಿದ. ಅವಳು ತಲೆಯಾಡಿಸಿದಳು. ಎಳೆಯ ಹುಲ್ಲನ್ನು ಕೊಯ್ದ ಹಾಗೆ, ಹಸಿಯಾದ, ಶುಭ್ರವಾದ ವಾಸನೆ.

ಮಾಂಸಕ್ಕೆ ಹಿಟ್ಟು ಸವರಿ ಮನೆಯಲ್ಲೇ ಬಾಣಲೆಯಲ್ಲಿ ಕೆಂಪಗೆ ಹುರಿದು ತಂದಳು. ಹಿಂದಿನ ದಿನವೇ ರಾಜ್ಮಾ ಕಾಳು ನೆನೆಹಾಕಿದ್ದಳು. ಮನೆಯಲ್ಲಿ ಮಾಂಸ ಕಡಿಮೆ, ಬಾಯಿ ಹೆಚ್ಚು ಇದ್ದ ಕಾಲದಲ್ಲಿ ಅವಳ ತಾಯಿ ಕಲಿಸಿದ ಉಪಾಯ ಅದು. ಕೈತುಂಬ ಕಾಳು ಸುರಿದರೆ ಪಾತ್ರೆ ತುಂಬುತ್ತದೆ, ತಿಂದವರಿಗೆ ಮಾಂಸವೇ ತಿಂದ ತೃಪ್ತಿ. ತಾಯಿಯ ಕಾಲದಿಂದ ಬಂದ ಅಲ್ಯೂಮಿನಿಯಂ ಪಾತ್ರೆಯಲ್ಲಿ, ದೊಡ್ಡ ಉರಿಯ ಮೇಲೆ, ಅದು ಕೊತಕೊತ ಕುದಿದು ಮುಚ್ಚಳವನ್ನೇ ಕುಣಿಸುತ್ತಿತ್ತು. ಅದನ್ನು ನೋಡುತ್ತಲೇ ಬೆಳೆದವಳು ಅವಳು.

ಕಾರ್ಖಾನೆ ಬಾಗಿಲು ತೆರೆದೊಡನೆ ಇಸ್ತ್ರಿ ಮೇಜಿನ ಪಕ್ಕದ ಪ್ಲಗ್ಗಿಗೆ ಬಾಲ ಸಿಕ್ಕಿಸಿದಳು. ತಳಕ್ಕೆ ಈರುಳ್ಳಿ, ಆಲೂಗಡ್ಡೆ, ಕ್ಯಾರೆಟ್. ಮೇಲೆ ನೆನೆದು ಉಬ್ಬಿದ ಕಾಳು. ಅದರ ಮೇಲೆ ಮಾಂಸ, ಎಲುಬು, ಕುಟ್ಟಿದ ಮೆಣಸು, ಉಪ್ಪು, ನೀರು. ತಿರುಗಣೆಯಲ್ಲಿ ಹೆಚ್ಚು, ಕಡಿಮೆ ಎಂದು ಎರಡು ಗುರುತು. ಅವಳು ಕಡಿಮೆಗೆ ತಿರುಗಿಸಿದಳು. ಹೆಸರಿನ ಮರ್ಯಾದೆ ಉಳಿಸಬೇಕಲ್ಲ.

ಮಧ್ಯಾಹ್ನದ ಹೊತ್ತಿಗೆ ಬಟ್ಟೆಯ ಗಂಜಿವಾಸನೆ, ಮಷೀನಿನ ಎಣ್ಣೆವಾಸನೆ ಎಲ್ಲ ಹಿಂದೆ ಸರಿದವು. ಪರದೆಗಳ ಮಡಿಕೆಯೊಳಗೆಲ್ಲ ಮಾಂಸದ ಘಮ ನುಗ್ಗಿ ಕೂತಿತು. ಇಸ್ತ್ರಿಯವನು ಮುಚ್ಚಳಕ್ಕೆ ಕೈ ಹಾಕಿದ. ಅಳತೆಕೋಲಿನಿಂದ ಅವನ ಬೆರಳಿಗೆ ಒಂದು ಬಿತ್ತು.

"ಮುಟ್ಟಿದ್ರೆ ಕೈ ಮುರೀತೀನಿ. ಬಿಸಿ ಹೊರಗೆ ಹೋಗುತ್ತೆ."

"ಅಲ್ಲಕ್ಕಾ, ಇದು ಕುದೀತಾನೇ ಇಲ್ವಲ್ಲ? ಕೆಟ್ಟೋಗಿದ್ಯಾ?"

"ಕುದಿಯೋಕೆ ಇದೇನು ನಿನ್ನ ಹೆಂಡ್ತೀನಾ? ಇದು ಇರೋದೇ ಹೀಗೆ. ಸುಮ್ನೆ ಉಸಿರಾಡುತ್ತೆ, ಅಷ್ಟೆ."

ಎಲ್ಲರೂ ನಕ್ಕರು. ಗಾಜಿನ ಮುಚ್ಚಳದ ಒಳಗೆ ಹನಿಗಳು ಕೂಡಿ, ಜಾರಿ, ಮತ್ತೆ ಕೂಡುತ್ತಿದ್ದವು.

ಸಂಜೆ ಮಷೀನುಗಳು ನಿಂತವು. ಕತ್ತರಿಸುವ ಉದ್ದ ಮೇಜಿನ ಮೇಲೆ ಕಾಗದ ಹಾಸಿ, ಬ್ರೆಡ್ಡು ಮುರಿದಿಟ್ಟು, ಎಲ್ಲರೂ ಕೂತರು. ತಟ್ಟೆಗೆ ಬಿದ್ದ ತಕ್ಷಣ ಬಾಯಿ ಸುಟ್ಟುಕೊಂಡ ಇಸ್ತ್ರಿಯವನಿಗೆ "ಬೇಯೋ ತನಕ ಕಾದೋನು ಆರೋ ತನಕ ಕಾಯಲ್ವಾ?" ಎಂದು ಗದರಿದಳು. ಮಾಂಸ ಎಲುಬು ಬಿಟ್ಟು ತಾನಾಗಿ ಜಾರುತ್ತಿತ್ತು. ಕಾಳು ಬೆರಳಿನಲ್ಲಿ ಒತ್ತಿದರೆ ಮೆತ್ತಗೆ ಹಿಸುಕಿಹೋಗುತ್ತಿತ್ತು.

ಮೇಸ್ತ್ರಿ ಕಾಳನ್ನೆಲ್ಲ ಆರಿಸಿ ತಟ್ಟೆಯ ಅಂಚಿಗೆ ತಳ್ಳತೊಡಗಿದ. ಚಿಕ್ಕಂದಿನಿಂದ ಅವನಿಗೆ ಯಾವ ಕಾಳೂ ಗಂಟಲಲ್ಲಿ ಇಳಿಯದು.

"ಕೊಡಿ ಇತ್ಲಾಗೆ, ಅನ್ನ ಎಸೆಯೋರ ಹಾಗೆ," ಎಂದಳು ರಿಂಗಮ್ಮ. ಅವಳಿಗೆ ದವಡೆ ಹಲ್ಲಿನ ನೋವು, ಮಾಂಸ ಅಗಿಯಲಾರಳು. ತನ್ನ ತುಂಡುಗಳನ್ನೆಲ್ಲ ಅವನ ತಟ್ಟೆಗೆ ಹಾಕಿ, ಅವನ ಕಾಳನ್ನೆಲ್ಲ ಬಳಿದುಕೊಂಡಳು.

"ಅವನಿಗೆ ಲಾಭ, ಇವಳಿಗೆ ಲಾಭ. ಮದುವೆ ಅಂದ್ರೆ ಹೀಗಿರಬೇಕು," ಎಂದಳು ಯಜಮಾನಿ. ಮೇಸ್ತ್ರಿ ಕಿವಿವರೆಗೆ ಕೆಂಪಾದ.

ಬಡಿಸಿದವಳಿಗೆ ಉಳಿದದ್ದು ತಳದ ಗೊಜ್ಜು ಮಾತ್ರ. ಅದನ್ನೇ ಬ್ರೆಡ್ಡಿನ ಚೂರಿನಲ್ಲಿ ಒರೆಸಿ ತಿಂದಳು. ಅಷ್ಟು ಸಂತೋಷದಿಂದ ಅವಳು ಮನೆಗೆ ನಡೆದದ್ದು ಯಾವ ಕಾಲಕ್ಕೋ.

ಮನೆಗೆ ಬಂದು ದೀಪ ಹಾಕಿ ಎರಡು ಮೂರು ಗಂಟೆಯಾಗಿತ್ತು, ಅಷ್ಟೆ. ಯಾರೋ ಬಾಗಿಲು ದಬದಬ ಬಡಿದರು. ಮೇಸ್ತ್ರಿ. ಅಂಗಿಯ ಗುಂಡಿ ತಪ್ಪಿ ಹಾಕಿದ್ದ.

"ಅಕ್ಕಾ, ಬನ್ನಿ. ಎಲ್ಲರೂ ಆಸ್ಪತ್ರೇಲಿದ್ದಾರೆ."

"ಎಲ್ಲರೂ ಅಂದ್ರೆ?"

"ಎಲ್ಲರೂ. ನಾನೊಬ್ಬ ಬಿಟ್ಟು."

ಆಸ್ಪತ್ರೆಯ ಉದ್ದನೆಯ ಓಣಿಯಲ್ಲಿ, ಕೆಲವೇ ಗಂಟೆಗಳ ಹಿಂದೆ ಅವಳೆದುರು ಕೂತು ತಟ್ಟೆ ನೆಕ್ಕಿದವರೇ ಬಗ್ಗಿ ಕೂತಿದ್ದರು. ಯಾರ ಮುಖದಲ್ಲೂ ಕಳೆಯಿರಲಿಲ್ಲ. ಯಜಮಾನಿ ಗೋಡೆಗೆ ಹಣೆ ಒತ್ತಿ ನಿಂತಿದ್ದಳು. ಇಸ್ತ್ರಿಯವನು ನೆಲದ ಮೇಲೆ ಮಗುವಿನಂತೆ ಮುದುಡಿ ಮಲಗಿ, ತಟ್ಟೆಯೊಂದಕ್ಕೆ ಓಕರಿಸುತ್ತಿದ್ದ. ಒಳಗಿನ ಮಂಚದಲ್ಲಿ ರಿಂಗಮ್ಮ. ಕೈಗೆ ಡ್ರಿಪ್ಪು, ತುಟಿ ಸುಣ್ಣ. ಗಂಟೆಯಂಥ ಬಾಯಿ ತೆರೆದೇ ಇತ್ತು, ಸದ್ದಿರಲಿಲ್ಲ.

ನಿಧಾನಕ್ಕ ನಿಂತಲ್ಲೇ ನಿಂತಳು. ತನ್ನ ಎರಡು ಕೈಗಳನ್ನು ನೋಡಿಕೊಂಡಳು. ಹಿಟ್ಟು ಸವರಿದ ಕೈ, ಉಪ್ಪು ಹಾಕಿದ ಕೈ, ಇನ್ನೊಂದು ಸೌಟು ಹಾಕಿಸ್ಕೊಳ್ಳಿ ಎಂದು ಬಲವಂತ ಮಾಡಿದ ಕೈ. ತನ್ನ ಹೊಟ್ಟೆಯೂ ತಿರುಚಿದ್ದು ಅವಳಿಗೆ ಗೊತ್ತಾಯಿತು. ಹೆದರಿಕೆಗೆ ಇರಬೇಕು ಎಂದುಕೊಂಡಳು.

ಡಾಕ್ಟರು ಅವಸರದಲ್ಲಿದ್ದರು. "ಏನು ತಿಂದಿದ್ದೀರಿ ಎಲ್ಲರೂ?"

"ಮಾಂಸ," ಎಂದಿತು ಒಂದು ದನಿ. "ಮಾಂಸಾನೇ ಇರಬೇಕು," ಎಂದಿತು ಇನ್ನೊಂದು. "ದನದ ಮಾಂಸ, ಡಾಕ್ಟ್ರೇ."

"ಎಲ್ಲಿಂದ ತಂದಿದ್ದು?"

ಬಗ್ಗಿದ್ದ ತಲೆಗಳೆಲ್ಲ ಎದ್ದು ಅವಳ ಕಡೆ ತಿರುಗಿದವು.

"ನನ್ನ ಮೈದುನನ ಅಂಗಡಿ," ಎಂದಳು ನಿಧಾನಕ್ಕ.

ಕನ್ನಡಕ ಒರೆಸಲಿಲ್ಲ. ಒಂದು ಉಸಿರಿನಷ್ಟೂ ತಡೆಯಲಿಲ್ಲ. ಅಷ್ಟು ಬೇಗ ಅವಳು ಯಾವ ಪ್ರಶ್ನೆಗೂ ಉತ್ತರ ಕೊಟ್ಟವಳಲ್ಲ.

ಬೆಳಗಾಗುವಷ್ಟರಲ್ಲಿ ಹೊಟ್ಟೆಗಳು ತಣ್ಣಗಾಗಿ ಜನ ಮನೆ ಸೇರಿದರು. ರಿಂಗಮ್ಮ ಮಾತ್ರ ಇನ್ನೂ ಒಂದು ದಿನ ಮಲಗಿದಳು. ಆದರೆ ನಿಧಾನಕ್ಕ ಆಡಿದ ಮಾತು ಅವಳಿಗಿಂತ ಮೊದಲೇ ಮಾಂಸದಂಗಡಿ ಮುಟ್ಟಿತ್ತು. ಆರೋಗ್ಯ ಇಲಾಖೆಯವರು ಬಂದು ಮಾಂಸದ ಚೂರುಗಳನ್ನು ಪರೀಕ್ಷೆಗೆ ಕೊಂಡುಹೋದರು. ಪರೀಕ್ಷೆಗೆ ಕಾಯುವ ತಾಳ್ಮೆ ಇಲಾಖೆಗಿತ್ತು, ಬೀದಿಗಿರಲಿಲ್ಲ. ಗಿರಾಕಿಗಳು ಆ ಕಡೆಯ ಕಾಲುದಾರಿ ಬಿಟ್ಟು ಈ ಕಡೆಯದರಲ್ಲಿ ನಡೆಯತೊಡಗಿದರು. "ಮುತ್ತು ಕೊಟ್ಟು ಮುತ್ತು ಕೊಟ್ಟು ವಿಷ ಹಾಕಿದ" ಎಂದು ಯಾರೋ ಅಂದರು. ನಗುವ ಮಾತೂ ಆಗಿತ್ತು ಅದು, ನಕ್ಕವರೂ ಇದ್ದರು.

ಸಂಜೆ ಮೈದುನ ಅವಳ ಮನೆಗೆ ಬಂದ. ಕೂರಲಿಲ್ಲ.

"ಅತ್ತಿಗೆ, ನೀವೇ ಹೇಳಿದ್ರಂತೆ?"

"ಕೇಳಿದ್ರು ಕಣೋ. ಎಲ್ಲಿಂದ ತಂದಿದ್ದು ಅಂತ ಕೇಳಿದ್ರು..."

"ಮಾಂಸ ಕೆಟ್ಟಿತ್ತಾ?"

ಅವಳಿಗೆ ಇಲ್ಲವೆನ್ನಲು ನಾಲಿಗೆ ಬರಲಿಲ್ಲ. ಮಾಂಸವಲ್ಲದಿದ್ದರೆ ಮತ್ತೇನು? ಮೇಜಿನ ಸುತ್ತ ಕೂತವರು ಹೆಚ್ಚುಕಮ್ಮಿ ಎಲ್ಲರೂ ಬಿದ್ದಿದ್ದರು. "ಕೆಟ್ಟಿರಬೇಕಪ್ಪ," ಎಂದಳು.

ಅವನು ಜಗಳವಾಡುತ್ತಾನೆ ಎಂದುಕೊಂಡಿದ್ದಳು. ಅವನು ತನ್ನ ಅಂಗೈಗಳನ್ನು ಮೂಗಿನ ಹತ್ತಿರ ತಂದು, ಉಸಿರೆಳೆದು, ಕೆಳಗಿಳಿಸಿದ. "ಸರಿ ಅತ್ತಿಗೆ," ಎಂದ. ಹೋದ. ಮರುದಿನದಿಂದ ಅಂಗಡಿಯ ಶಟರು ಏಳಲಿಲ್ಲ.

ಒಂದು ವಾರ ಹೀಗೇ ಕಳೆಯಿತು. ಕಾರ್ಖಾನೆಯಲ್ಲಿ ಯಾರೂ ಅವಳನ್ನು ಏನೂ ಅನ್ನಲಿಲ್ಲ. ಅದೇ ಅವಳಿಗೆ ಕಷ್ಟವಾಗಿತ್ತು. ಪಾತ್ರೆಗೆ ಒಂದು ಹಳೆ ಪರದೆ ಸುತ್ತಿ ಮೇಜಿನಡಿ ತಳ್ಳಿದ್ದಳು. ಕಾಲಿಗೆ ತಾಗಿದಾಗಲೆಲ್ಲ ಯಾವುದೋ ಪ್ರಾಣಿ ಮಲಗಿದಂತೆ ಬೆಚ್ಚುತ್ತಿದ್ದಳು. ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಮೇಸ್ತ್ರಿಯೇ ಸುದ್ದಿ ತಂದ: ಮೈದುನ ಅಂಗಡಿಯನ್ನು ಬ್ರೆಡ್ಡು ಮಾಡಿ ಮಾರುವವನೊಬ್ಬನಿಗೆ ಕೊಡುತ್ತಿದ್ದಾನಂತೆ, ಇವತ್ತೇ ಬೀಗದಕೈ ಕೊಡುವುದಂತೆ. ಅವಳ ಗಂಡ ಕೂರಿಸಿದ ಆ ಮರದ ಕೊರಡನ್ನೂ ಹೊರಗಿಟ್ಟಿದ್ದಾರಂತೆ.

ನಿಧಾನಕ್ಕ ತುತ್ತು ಕೆಳಗಿಟ್ಟಳು. ಕಣ್ಣು ತುಂಬಿದ್ದು ಕಾಣಬಾರದೆಂದು ಎದುರಿನ ಡಬ್ಬಿಗಳನ್ನೇ ನೋಡುತ್ತ ಕೂತಳು. ಮೇಸ್ತ್ರಿ ತನ್ನ ಡಬ್ಬಿ ಬಿಚ್ಚಿದ. ಅವನ ಹೆಂಡತಿ ಪಲ್ಯಕ್ಕೆ ಕಾಳು ಹಾಕಿದ್ದಳು. ಅವನು ಗೊಣಗುತ್ತ ಒಂದೊಂದನ್ನೇ ಆರಿಸಿ ಅಂಚಿಗೆ ತಳ್ಳಿದ. ರಿಂಗಮ್ಮನ ಕಡೆ ಡಬ್ಬಿ ಸರಿಸಿದ.

ರಿಂಗಮ್ಮ ಕೈ ಹಿಂದೆಳೆದುಕೊಂಡಳು. "ಬೇಡಪ್ಪ ದೊರೆ. ಅವತ್ತಿಂದ ಕಾಳು ಕಂಡ್ರೇ ಹೊಟ್ಟೆ ತೊಳಸುತ್ತೆ ನಂಗೆ."

ಆ ಬೆರಳು, ಆ ಅಂಚು, ಆ ಕಾಳು. ನಿಧಾನಕ್ಕ ನೋಡಿದಳು. ಕನ್ನಡಕ ತೆಗೆದಳು, ಒರೆಸಿದಳು, ಹಾಕಿಕೊಂಡಳು. ಮತ್ತೆ ತೆಗೆದಳು.

"ಮೇಸ್ತ್ರಿ, ಅವತ್ತು ನೀವು ಒಂದಾದ್ರೂ ಕಾಳು ತಿಂದ್ರಾ?"

"ನಾನಾ? ಕಾಳಾ? ಸತ್ತರೂ ಇಲ್ಲ."

"ಮಾಂಸ?"

"ನನ್ನದೂ ತಿಂದೆ, ಇವಳದೂ ತಿಂದೆ. ಎಲ್ಲರಿಗಿಂತ ಹೆಚ್ಚು ತಿಂದಿದ್ದೇ ನಾನು." ಹೇಳುತ್ತ ಹೇಳುತ್ತ ಅವನ ದವಡೆ ನಿಂತಿತು.

"ರಿಂಗಮ್ಮ, ನೀನು ಮಾಂಸ ತಿಂದ್ಯೇನೇ?"

"ಹಲ್ಲು ನೋವಿತ್ತಲ್ಲಕ್ಕಾ. ಒಂದು ಚೂರೂ ಮುಟ್ಟಿಲ್ಲ. ಬರೀ ಕಾ..." ಅವಳಿಗೂ ಅಲ್ಲಿಗೆ ಮಾತು ನಿಂತಿತು.

ರಿಂಗಮ್ಮ ಕೈತೊಳೆಯದೆ ಫೋನು ತೆಗೆದು, ಆಸ್ಪತ್ರೆಯಲ್ಲಿ ತನ್ನನ್ನು ನೋಡಿಕೊಂಡ ನರ್ಸಿಗೆ ಕರೆ ಮಾಡಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟಳು.

"ಕಾಳಾ?" ಎಂದಿತು ಆ ಕಡೆಯ ದನಿ. "ರಾಜ್ಮಾನಾ? ಸ್ಲೋ ಕುಕ್ಕರಿಗೆ ಹಾಗೇ ಹಾಕಿದ್ರಾ, ಮೊದಲು ಕುದಿಸದೇ? ಅಯ್ಯೋ ದೇವರೇ. ಅವತ್ತು ಒಬ್ಬರೂ ಕಾಳಿನ ಮಾತೇ ಎತ್ತಲಿಲ್ವಲ್ಲಮ್ಮ! ಎಲ್ಲರೂ ಮಾಂಸ ಮಾಂಸ ಅಂದ್ರಿ."

"ಮೆತ್ತಗೆ ಬೆಂದಿತ್ತಲ್ಲ..." ಎಂದಳು ನಿಧಾನಕ್ಕ.

"ಮೆತ್ತಗಾಗುತ್ತೆ, ವಿಷ ಹೋಗಲ್ಲ. ಆ ಕಾಳಿನಲ್ಲೇ ಇರೋ ವಿಷ ಅದು. ನೆನೆಸಿದ ನೀರು ಚೆಲ್ಲಿ, ಬೇರೆ ನೀರಲ್ಲಿ ಒಲೆ ಮೇಲೆ ಕೊತಕೊತ ಅಂತ ಕುದಿಸ್ಬೇಕು. ಆಮೇಲೆ ಎಲ್ಲಿಗೆ ಬೇಕಾದ್ರೂ ಹಾಕಿ. ಆ ಕುಕ್ಕರಿನ ಸಣ್ಣ ಬಿಸಿಗೆ ಅದು ಜಗ್ಗಲ್ಲ."

ಫೋನು ಆರಿತು. ಯಜಮಾನಿ ಮೆಲ್ಲಗೆ, "ನಾವೂ ಅಂದ್ವಲ್ಲ, ಮಾಂಸ ಅಂತ," ಎಂದಳು.

ನಿಧಾನಕ್ಕನಿಗೆ ಗಾಜಿನ ಮುಚ್ಚಳದ ಹನಿಗಳು ಕಂಡವು. ಇಸ್ತ್ರಿಯವನು ಕೇಳಿದ್ದ, ಇದು ಕುದೀತಾನೇ ಇಲ್ವಲ್ಲ ಎಂದು. ಕೋಲಿನಿಂದ ಹೊಡೆದು ನಗಿಸಿದ್ದಳು. ತಾಯಿಯ ಪಾತ್ರೆ ಅಷ್ಟು ವರ್ಷ ಎಲ್ಲರನ್ನೂ ಕಾಪಾಡಿದ್ದು ಆ ಅಬ್ಬರದಿಂದಲೇ ಎಂದು ತಾಯಿಗೂ ಗೊತ್ತಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದು ಇರಲಿ. ಗೊತ್ತಿದ್ದದ್ದು? ಕೊನೆಯ ತುಂಡನ್ನು ಅವನು ಅವಳ ಮೂಗಿಗೂ ಹಿಡಿದಿದ್ದ. ಶುಭ್ರವಾದ ವಾಸನೆ ಎಂದು ಅವಳಿಗೆ ಗೊತ್ತಿತ್ತು.

ಅವಳು ಎದ್ದಳು. ಕೈಯಲ್ಲಿ ಊಟದ ಡಬ್ಬಿಯಿತ್ತು, ಅದನ್ನು ಎಲ್ಲಿಟ್ಟಳೋ. ಬಾಗಿಲು ದಾಟಿದಳು. ಮೊದಲು ಬೇಗ ನಡೆದಳು, ಆಮೇಲೆ ಓಡಿದಳು. ಹೂವಿನ ಕುಂಡಗಳಿಗೆ ನೀರು ಹಾಕುತ್ತಿದ್ದವರು ಪೈಪು ಹಿಡಿದೇ ನಿಂತರು. ಬಸ್ಸಿನ ಚಾಲಕನೊಬ್ಬ ಅವಳಿಗಾಗಿ ಬಸ್ಸು ನಿಲ್ಲಿಸಿದ, ಅವಳು ಬಸ್ಸನ್ನೇ ದಾಟಿ ಓಡಿದಳು. "ನಿಧಾನಕ್ಕನ ಮನೆಗೆ ಬೆಂಕಿ ಬಿದ್ದಿರಬೇಕು ಕಣ್ರೋ" ಎಂದು ಯಾರೋ ಕೂಗಿದರು.

ಶಟರು ಅರ್ಧ ಎದ್ದಿತ್ತು. ಒಳಗೆ ಬ್ರೆಡ್ಡಿನವನು ಗೋಡೆಗೆ ಟೇಪು ಹಿಡಿದು, ಓವನ್ ಎಲ್ಲಿಡುವುದೆಂದು ಲೆಕ್ಕ ಹಾಕುತ್ತಿದ್ದ. ಮೈದುನ ಬರಿದಾದ ಕಲ್ಲಿನ ಕಟ್ಟೆಯನ್ನು ಉಜ್ಜುತ್ತಿದ್ದ.

"ಮಾಂಸ ಅಲ್ಲ ಕಣೋ," ಎಂದಳು. ಏದುಸಿರಿಗೆ ಮಾತು ತುಂಡಾಗುತ್ತಿತ್ತು. "ಕಾಳು. ನಾನು ಹಾಕಿದ ಕಾಳು. ಕುದಿಸಲಿಲ್ಲ. ನಿನ್ನ ಮಾಂಸ ಚೆನ್ನಾಗಿತ್ತು."

ಅವನು ಬ್ರಷ್ಷು ಹಿಡಿದೇ ನೋಡಿದ. ಅವಳು ಎಲ್ಲ ಹೇಳಿದಳು. ಮೇಸ್ತ್ರಿಯ ತಟ್ಟೆ, ರಿಂಗಮ್ಮನ ಹಲ್ಲು, ನರ್ಸಿನ ಮಾತು. ಅವನು ಬ್ರಷ್ಷು ಕೆಳಗಿಟ್ಟ. ಆಮೇಲೆ ಬಕೀಟು ಕವುಚಿ ಅದರ ಮೇಲೆ ಕೂತ.

"ಹಾಗಾದ್ರೆ ನನ್ನ ಮೂಗು...?"

"ಸರಿಯಾಗೇ ಇತ್ತು."

"ಅವತ್ತಿಂದ ನನಗೆ ಏನೂ ವಾಸನೆ ಬರ್ತಿಲ್ಲ ಅತ್ತಿಗೆ." ಅವನು ಕಟ್ಟೆಯ ಕಡೆ ನೋಡುತ್ತ ಹೇಳಿದ. "ಹಾಲು ಕೆಟ್ಟಿದ್ಯಾ ಅಂತ ಕೂಡ ಹೆಂಡ್ತೀನೇ ಕೇಳ್ಬೇಕು. ಇಲಾಖೆಯೋರು ಹೇಳಿದ್ರೆ ಜಗಳ ಆಡ್ತಿದ್ದೆ. ಊರೋರು ಹೇಳಿದ್ರೆ ಹೊಡೆದಾಡ್ತಿದ್ದೆ. ನೀವು ಕೆಟ್ಟಿರಬೇಕಪ್ಪ ಅಂದ್ರಿ. ನೀವು ಯಾವತ್ತಾದ್ರೂ ಯೋಚನೆ ಮಾಡದೇ ಮಾತಾಡಿದ್ದುಂಟಾ? ಅದಕ್ಕೆ ಹೌದು ಅಂದ್ಕೊಂಡೆ. ನನ್ನ ಮೂಗೇ ಹೋಯ್ತು ಅಂದ್ಕೊಂಡೆ."

ಅವಳು ಏಟು ತಿಂದವಳಂತೆ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಊರು ಆಡಿಕೊಂಡಿತು, ಗಿರಾಕಿಗಳು ಹೋದರು ಎಂದು ಮಾತ್ರ ತಿಳಿದಿದ್ದಳು. ಅಂಗಡಿ ಮುಚ್ಚಿದ್ದು ತನ್ನ ಎರಡು ಮಾತಿಗೆ ಎಂದು ತಿಳಿದಿರಲಿಲ್ಲ.

ಬ್ರೆಡ್ಡಿನವನು ಇಬ್ಬರ ಮುಖವನ್ನೂ ನೋಡಿ, ಟೇಪನ್ನು ಸರ್ರೆಂದು ಒಳಗೆ ಬಿಟ್ಟ. "ಹಾಗಾದ್ರೆ ನಾನು ಹೊರಡ್ಲಾ?" ಎಂದ. ಟೇಪನ್ನು ಜೇಬಿಗಿಳಿಸಿ ಹೊರಟ. ಹೋಗುವಾಗ, ಹೊರಗಿಟ್ಟಿದ್ದ ಕೊರಡಿಗೆ ಕಾಲು ತಾಗಿಸಿಕೊಂಡು ಬೈದುಕೊಂಡ. ಅಷ್ಟರಲ್ಲಿ ಕಾರ್ಖಾನೆಯ ಮಂದಿ ಹಿಂದಿನಿಂದ ಬಂದು ಬಾಗಿಲಲ್ಲಿ ಗುಂಪುಗೂಡಿದ್ದರು. ಮೇಸ್ತ್ರಿ, ಇಸ್ತ್ರಿಯವನು ಸೇರಿ ಕೊರಡಿಗೆ ಕೈಹಾಕಿ, ಹೇಳದೆ ಕೇಳದೆ, ಒಳಗೆ ತಂದು ಅದರ ಜಾಗದಲ್ಲಿಟ್ಟರು.

ಮರುದಿನ ಬೆಳಿಗ್ಗೆ ಶಟರು ಎದ್ದಾಗ ಮೊದಲು ನಿಂತವಳು ನಿಧಾನಕ್ಕ. ಅವಳ ಹಿಂದೆ ಕಾರ್ಖಾನೆಯವರು. ಅವರ ಹಿಂದೆ, ಏನಾಗುತ್ತದೋ ನೋಡೋಣವೆಂದು ಬಂದ ಬೀದಿಯವರು.

"ಹಿಂಗಾಲಿನದು ಕೊಡಪ್ಪ. ಎಲುಬಿನ ಸಮೇತ."

ಅವನು ಕತ್ತರಿಸಿದ. ತುಂಡನ್ನು ಎತ್ತಿದ. ಎತ್ತಿದ ಕೈ ನಡುವೆಯೇ ನಿಂತು, ಅವಳ ಕಡೆ ತಿರುಗಿತು. "ನೀವು ನೋಡಿ ಅತ್ತಿಗೆ."

ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. "ನೀನೇ ನೋಡು."

ಅವನು ತುಂಡನ್ನು ಮೂಗಿನ ಹತ್ತಿರ ತಂದು ಕಣ್ಣು ಮುಚ್ಚಿದ. ಸಾಲಿನಲ್ಲಿ ಯಾರೂ ತಮಾಷೆ ಮಾಡಲಿಲ್ಲ. ಅವನ ಹಣೆಯ ಮೇಲೆ ಬೆವರು ಕೂಡುತ್ತಿತ್ತು. ಒಂದು ಉಸಿರು ಎಳೆದ, ಬಿಟ್ಟ. ಇನ್ನೊಂದು ಎಳೆದ. ಅವಳು ಅಲುಗಾಡದೆ ನಿಂತಳು. ಕಾಯುವುದು ಅವಳಿಗೆ ಗೊತ್ತಿದ್ದ ಕೆಲಸ.

ಅವನು ಕಣ್ಣು ಬಿಟ್ಟ. ಕಾಗದ ಎಳೆದು, ಸುತ್ತಿ, ಅವಳ ಕೈಗಿಟ್ಟ.

"ಕಾಳು ಮೊದಲು ಒಲೆ ಮೇಲೆ ಕುದಿಸಿ, ಅತ್ತಿಗೆ," ಎಂದ. ಅವಳ ಮುಖ ನೋಡಲಿಲ್ಲ. ಮುಂದಿನ ತುಂಡಿಗೆ ಕೈ ಹಾಕಿದ.